ಕನ್ನಡಕ್ಕೊಂದು ಗೂಢ ಪದಬಂಧ ಬೇಕು

ಇಂಗ್ಲಿಷ್ ಪತ್ರಿಕೆಗಳಲ್ಲಿ ಅಚ್ಚಾಗುವ ಗೂಢ ಪದಬಂಧವನ್ನು, ಎಂದರೆ ಕ್ರಿಪ್ಟಿಕ್ ಕ್ರಾಸ್‌ವರ್ಡ್ ಎಂದು ಎಲ್ಲರೂ ಕರೆಯುವ ಬುದ್ಧಿವಿನೋದವನ್ನು, ಬಿಡಿಸಿ ಪಳಗಿದವರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿರುತ್ತದೆ. ಸುಳಿವಿನಲ್ಲಿ 'ರಾಣಿ' ಎಂಬ ಮಾತು ಕಂಡೊಡನೆ ಸಿಂಹಾಸನವನ್ನಾಗಲಿ ಕಿರೀಟವನ್ನಾಗಲಿ ನೆನೆಯದೆ, ಎಲಿಜಬೆತ್ ರೆಜೈನಾ ಎಂಬ ಲ್ಯಾಟಿನ್ ಬಿರುದಿನ ಮೊದಲಕ್ಷರಗಳಾದ 'ಇ, ಆರ್' ಎಂಬೆರಡನ್ನು ನೆನೆಯಬೇಕು. ಅವು ಕೂಡದಿದ್ದರೆ ಚದುರಂಗದ ಹಾಗೂ ಇಸ್ಪೀಟಿನ ರಾಣಿಯನ್ನು ಸೂಚಿಸುವ 'ಕ್ಯೂ' ಅಕ್ಷರವನ್ನು, ಅದೂ ಕೂಡದಿದ್ದರೆ ಆನ್ ಎಂಬ ಹೆಸರಿನ ರಾಣಿಯನ್ನು, ಕಟ್ಟಕಡೆಗೆ ಹೆಣ್ಣು ಬೆಕ್ಕನ್ನು ಕೂಡ ಪರೀಕ್ಷಿಸಿ ನೋಡಬೇಕು, ಏಕೆಂದರೆ ಆ ಭಾಷೆಯಲ್ಲಿ ಹೆಣ್ಣು ಬೆಕ್ಕಿಗೂ ಅದೇ ಹೆಸರುಂಟು. ಕಾಲದ ವಿಷಯವೂ ಹೀಗೆಯೇ. ಭೌತಶಾಸ್ತ್ರದ ಸೂತ್ರಗಳಲ್ಲಿ ಕಾಲಕ್ಕೆ ಸಲ್ಲುವ 'ಟಿ' ಅಕ್ಷರ ಒಮ್ಮೆ, ಯುಗವೆಂದೋ ವಯಸ್ಸೆಂದೋ ಅರ್ಥವಾಗುವ ಮೂರಕ್ಷರದ ಪದ ಇನ್ನೊಮ್ಮೆ. 'ಶತ್ರು' ಎಂದು ಬರೆದಿದ್ದರೆ ಅದೂ ಕಾಲವೇ, ಏಕೆಂದರೆ ಕಾಲವನ್ನು ವೈರಿಯೆಂದು ಕರೆಯುವ ಹಳೆಯ ಆಂಗ್ಲ ಮಾತಿನ ನೆರಳು ಅಲ್ಲಿ ಬಿದ್ದಿರುತ್ತದೆ. ರಾಣಿಯ ಎರಡಕ್ಷರಗಳಿಗೆ 'ಒಂದು' ಎಂಬರ್ಥದ 'ಎ'ಯನ್ನು ಜೋಡಿಸಿದರೆ ಯುಗವೊಂದು ಸಿದ್ಧವಾಗುವುದು. ರಾಣಿಯೂ ಕಾಲವೂ ಹೀಗೆ ಮೂರು ಮನೆಗಳಲ್ಲಿ ಒಟ್ಟಿಗೆ ಕುಳಿತುಬಿಡುವುವು.

ಈ ಸಂಕೇತಗಳಾದರೂ ಶಾಶ್ವತವಲ್ಲ. 1952ರ ಫೆಬ್ರವರಿ 6ರಂದು ಪಟ್ಟಕ್ಕೆ ಬಂದ ಎರಡನೆಯ ಎಲಿಜಬೆತ್ 2022ರ ಸೆಪ್ಟೆಂಬರ್ 8ರಂದು ತೀರಿಕೊಂಡ ಮೇಲೆ, ಎಪ್ಪತ್ತು ವರ್ಷಗಳ ಕಾಲ ಬರಿಯ 'ರಾಣಿ' ಎಂದರೆ ಸಾಕಾಗಿದ್ದ ಕಡೆಯಲ್ಲಿ, ನ್ಯಾಯನಿಷ್ಠನಾದ ಸುಳಿವುಗಾರನು 'ಹಿಂದಿನ ರಾಣಿ' ಎಂದೋ 'ದಿವಂಗತ ರಾಣಿ' ಎಂದೋ ವಿಶೇಷಣ ಸೇರಿಸಬೇಕಾಗಿದೆ. ದೂರದ್ವೀಪದ ಒಂದು ಅರಮನೆಯಲ್ಲಿ ನಡೆದ ಮರಣವು ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹಿಡಿದು, ಮಡಿಸಿದ ಪತ್ರಿಕೆಯನ್ನು ಅಂಗೈಯಗಲದಲ್ಲಿ ಹಿಡಿದು ನಿಂತೇ ಬಿಡಿಸುತ್ತ ಬರುವ ಗುಮಾಸ್ತನ ಪದಬಂಧವನ್ನು ಮಾರ್ಪಡಿಸಿತೆಂದರೆ, ಭಾಷೆಯ ಆಟವು ಜನಜೀವನದ ಎಷ್ಟು ಆಳಕ್ಕೆ ಬೇರು ಬಿಟ್ಟಿರಬಲ್ಲದೆಂಬುದು ವಿಶದವಾಗುವುದು. ಆ ಸಂಪತ್ತು ಅವರದು. ಅದನ್ನು ನಾವು ಕಲಿತುದರಲ್ಲಿ ಏನೂ ತಪ್ಪಿಲ್ಲ. ಆದರೆ ನಮ್ಮ ನುಡಿಯಲ್ಲಿ, ನಮ್ಮ ರಾಣಿಯರೊಡನೆ, ನಮ್ಮ ಕಾಲಗಣನೆಯೊಡನೆ, ನಮ್ಮ ಪುರಾಣ ಜಾನಪದಗಳೊಡನೆ ಇಂಥದೊಂದು ನಿತ್ಯವಿನೋದ ಬೆಳೆಯದಿರುವುದು ನನಗೆ ದೊಡ್ಡ ಕೊರತೆಯೆಂದು ತೋರುತ್ತದೆ. ಆ ಕೊರತೆಯನ್ನು ತುಂಬುವ ಕಾರ್ಯ ಆರಂಭವಾಗಲು ಮುಂಬಯಿಗಿಂತ ತಕ್ಕ ಸ್ಥಳ ಇನ್ನೊಂದಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಮುಂಬಯಿಯ ಚರಿತ್ರೆಯೇ ರಾಣಿಯರ ಮತ್ತು ಗಡಿಯಾರಗಳ ಚರಿತ್ರೆ. ಪೋರ್ಚುಗಲ್ಲಿನ ರಾಜಕುಮಾರಿ ಬ್ರಗಾಂಜಾದ ಕ್ಯಾಥರೀನಳು ಇಂಗ್ಲೆಂಡಿನ ಎರಡನೆಯ ಚಾರ್ಲ್ಸನ ರಾಣಿಯಾಗುವ ಸಂದರ್ಭದಲ್ಲಿ, 1661ರ ವಿವಾಹದ ಒಪ್ಪಂದದಂತೆ, ಈ ದ್ವೀಪವು ಬಳುವಳಿಯಾಗಿ ಆಂಗ್ಲರ ಕೈಸೇರಿತು. 1668ರಲ್ಲಿ ಅದೇ ದೊರೆ ವರ್ಷಕ್ಕೆ ಹತ್ತು ಪೌಂಡುಗಳ ಗೇಣಿಗೆ ಇದನ್ನು ಈಸ್ಟ್ ಇಂಡಿಯಾ ಕಂಪನಿಗೆ ವಹಿಸಿಕೊಟ್ಟನು. ಮುಂದೆ ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಐವತ್ತನೆಯ ವರ್ಷವಾದ 1887ರಲ್ಲಿ ಬೋರಿಬಂದರಿನ ಮಹಾನಿಲ್ದಾಣಕ್ಕೆ ಆಕೆಯ ಹೆಸರು ಬಂತು. 1996ರಲ್ಲಿ ಅದು ಛತ್ರಪತಿ ಶಿವಾಜಿಯ ಹೆಸರನ್ನು ಪಡೆಯಿತು. 2017ರಲ್ಲಿ ಆ ಹೆಸರಿಗೆ ಮಹಾರಾಜ ಎಂಬ ಬಿರುದು ಸೇರಿತು. ಹಳಬರ ಬಾಯಲ್ಲಿ ಮಾತ್ರ ಅದು ಇಂದಿಗೂ ವಿ.ಟಿ.ಯೇ. ಮಾಟುಂಗಾದ ತಾಂತ್ರಿಕ ವಿದ್ಯಾಲಯದ ಕತೆಯಂತೂ ಗೂಢ ಪದಬಂಧವನ್ನು ಪ್ರೀತಿಸುವವರಿಗೆ ಅತ್ಯಂತ ಪ್ರಿಯವಾಗತಕ್ಕದ್ದು. 1887ರಲ್ಲಿ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಎಂದು ಸ್ಥಾಪಿತವಾದ ಆ ಸಂಸ್ಥೆಗೆ 1997ರಲ್ಲಿ ಶಿವಾಜಿಯ ತಾಯಿ ವೀರಮಾತಾ ಜೀಜಾಬಾಯಿಯ ಹೆಸರನ್ನು ಇಟ್ಟಾಗ, ವಿ.ಜೆ.ಟಿ.ಐ. ಎಂಬ ನಾಲ್ಕು ಮೊದಲಕ್ಷರಗಳು ಕದಲದೆ ನಿಂತವು. ಒಬ್ಬ ರಾಣಿ ಎದ್ದುಹೋಗಿ ಇನ್ನೊಬ್ಬ ರಾಜಮಾತೆ ಬಂದು ಕುಳಿತಳು, ಮನೆಗಳೂ ಅಕ್ಷರಗಳೂ ಹಾಗೆಯೇ ಉಳಿದವು. ಭಾಯಖಳಾದ ವಿಕ್ಟೋರಿಯಾ ಉದ್ಯಾನಕ್ಕೂ ಜೀಜಾಬಾಯಿಯ ಹೆಸರೇ ಬಂದಿದ್ದರೂ ಜನ ಅದನ್ನು ರಾಣಿ ಬಾಗ್ ಎಂದೇ ಕರೆಯುವರು. ರಾತ್ರಿಯ ದೀಪಗಳಿಂದ ಬೆಳಗುವ ಕಡಲತಡಿಯ ಮರೀನ್ ಡ್ರೈವಿಗೆ ರಾಣಿಯ ಕಂಠಹಾರವೆಂಬ ಅಡ್ಡಹೆಸರಿದೆ. 1930ರ ಜೂನ್ 1ರಂದು ಓಡಲಾರಂಭಿಸಿದ, ಪುಣೆಗೆ ಹೋಗುವ ಡೆಕ್ಕನ್ ಕ್ವೀನ್ ಗಾಡಿಯ ಹೆಸರಿನಲ್ಲಿಯೇ ರಾಣಿಯಿದ್ದಾಳೆ.

ಗಡಿಯಾರದ ಕಡೆ ತಿರುಗಿದರೆ, ವಿಶ್ವವಿದ್ಯಾಲಯದ ಕೋಟೆ ಆವರಣದಲ್ಲಿ 85 ಮೀಟರು ಎತ್ತರಕ್ಕೆ ನಿಂತಿರುವ, 1878ರಲ್ಲಿ ಪೂರ್ಣವಾದ ಗೋಪುರಕ್ಕೆ ದಾನಿಯಾದ ಪ್ರೇಮಚಂದ ರಾಯಚಂದನು ತನ್ನ ತಾಯಿ ರಾಜಾಬಾಯಿಯ ಹೆಸರನ್ನಿಟ್ಟನು. ಜೈನಧರ್ಮದ ನಿಯಮದಂತೆ ಸೂರ್ಯಾಸ್ತಕ್ಕೆ ಮೊದಲೇ ಉಣ್ಣಬೇಕಾಗಿದ್ದ ಆ ಕುರುಡು ತಾಯಿಗೆ ಗಂಟೆಯ ನಾದವೇ ಹೊತ್ತನ್ನು ತಿಳಿಸುತ್ತಿತ್ತೆಂಬ ಐತಿಹ್ಯವೂ ಉಂಟು. ಇದಕ್ಕಿಂತ ವಿಸ್ಮಯಕರವಾದುದು ಮುಂಬಯಿಯ ಸ್ವಂತ ಕಾಲ. ಗ್ರೀನಿಚ್ಚಿಗಿಂತ 5 ಗಂಟೆ 30 ನಿಮಿಷ ಮುಂದಿರುವ ಭಾರತೀಯ ಕಾಲಮಾನವು 1906ರ ಜನವರಿ 1ರಂದು ಜಾರಿಗೆ ಬಂದರೂ, 4 ಗಂಟೆ 51 ನಿಮಿಷ ಮಾತ್ರ ಮುಂದಿದ್ದ ಬಾಂಬೆ ಟೈಮನ್ನು ಈ ನಗರವು 1955ರವರೆಗೂ ಪೂರ್ತಿಯಾಗಿ ಬಿಟ್ಟುಕೊಡಲಿಲ್ಲ. ಒಂದೇ ಬೀದಿಯಲ್ಲಿ ಎರಡು ಗಡಿಯಾರ, ಎರಡರ ನಡುವೆ 39 ನಿಮಿಷಗಳ ಅಂತರ, ಎರಡೂ ಸತ್ಯ! ಒಂದು ಮಾತಿಗೆ ಏಕಕಾಲದಲ್ಲಿ ಎರಡು ಅರ್ಥಗಳು ಸಲ್ಲಬಲ್ಲವೆಂಬ ತತ್ತ್ವವನ್ನು ಈ ನಗರದವರಿಗೆ ಯಾರೂ ಪ್ರತ್ಯೇಕವಾಗಿ ಬೋಧಿಸಬೇಕಾಗಿಲ್ಲ.

ಪದಬಂಧವೆಂದರೆ ಜೂಜಿನ ಒಂದು ಬಗೆಯೆಂದು ತಿಳಿದಿದ್ದ ಹಿರಿಯರನ್ನು ನಮ್ಮಲ್ಲಿ ಅನೇಕರು ಕಂಡಿರಬಹುದು; ಆ ಭಾವನೆಗೆ ಕಾರಣವೂ ಇತ್ತು, ಆ ಕಾರಣದಲ್ಲಿ ಮುಂಬಯಿಯೂ ನಮ್ಮ ಮೈಸೂರು ರಾಜ್ಯವೂ ಸಮಾನವಾಗಿ ಪಾಲುಗೊಂಡಿದ್ದವು. ಬೆಂಗಳೂರಿನಲ್ಲಿ ಮುದ್ರಿತವಾಗುತ್ತಿದ್ದ ಸ್ಪೋರ್ಟಿಂಗ್ ಸ್ಟಾರ್ ಎಂಬ ವಾರಪತ್ರಿಕೆಯ ಮೂಲಕ ಆರ್.ಎಂ.ಡಿ.ಸಿ. ಎಂಬ ಸಂಸ್ಥೆಯು ಪದಬಂಧದ ಬಹುಮಾನ ಸ್ಪರ್ಧೆಗಳನ್ನು ನಡೆಸುತ್ತಿತ್ತು. ಆ ಪತ್ರಿಕೆ ಮುಂಬಯಿ ರಾಜ್ಯದಲ್ಲಿ ವಿಪುಲವಾಗಿ ಖರ್ಚಾಗುತ್ತಿತ್ತು. ಅಲ್ಲಿನ ಸಹಸ್ರಾರು ಜನರು ಪ್ರವೇಶಶುಲ್ಕ ತೆತ್ತು ಉತ್ತರಗಳನ್ನು ಕಳುಹಿಸುತ್ತಿದ್ದರು. ಮುಂಬಯಿ ಸರಕಾರವು ತನ್ನ 1948ರ ಲಾಟರಿ ಮತ್ತು ಬಹುಮಾನ ಸ್ಪರ್ಧೆಗಳ ಕಾಯಿದೆಯನ್ನು 1952ರಲ್ಲಿ ತಿದ್ದಿ, ಹೊರರಾಜ್ಯದ ಪತ್ರಿಕೆಗಳ ಸ್ಪರ್ಧೆಗಳಿಗೂ ಅದನ್ನು ಅನ್ವಯಿಸಿದಾಗ ವ್ಯಾಜ್ಯವು ಮುಂಬಯಿ ಹೈಕೋರ್ಟನ್ನೂ ಅಲ್ಲಿಂದ ಸುಪ್ರೀಂ ಕೋರ್ಟನ್ನೂ ಮುಟ್ಟಿತು. 1957ರ ಏಪ್ರಿಲ್ 9ರಂದು ಮುಖ್ಯ ನ್ಯಾಯಾಧೀಶ ಎಸ್. ಆರ್. ದಾಸ್ ಅವರ ಪೀಠವು ಜೂಜು ವ್ಯಾಪಾರವೇ ಅಲ್ಲ, ಸಂವಿಧಾನವು ವ್ಯಾಪಾರಕ್ಕೆ ಕೊಡುವ ರಕ್ಷಣೆ ಅದಕ್ಕೆ ಸಲ್ಲದು ಎಂದು ತೀರ್ಮಾನಿಸಿತು. ಆದರೆ ಅದೇ ದಿನ, 1955ರ ಕೇಂದ್ರ ಕಾಯಿದೆಯನ್ನು ಕುರಿತ ಇನ್ನೊಂದು ತೀರ್ಪಿನಲ್ಲಿ, ಗೆಲುವು ಗಣನೀಯವಾಗಿ ಕೌಶಲವನ್ನು ಅವಲಂಬಿಸಿರುವ ಸ್ಪರ್ಧೆಯು ಜೂಜಿನ ವರ್ಗಕ್ಕೆ ಸೇರದೆಂದು ನ್ಯಾಯಾಲಯ ಸ್ಪಷ್ಟಪಡಿಸಿತು. ಈ ಭೇದವನ್ನು ನಾನು ಬಹಳ ಬೆಲೆಯುಳ್ಳದ್ದೆಂದು ಎಣಿಸುತ್ತೇನೆ. ಎರಡು ಪದಗಳು ಸಮನಾಗಿ ಹೊಂದುವ ಮನೆಯಲ್ಲಿ ಒಂದನ್ನು ಮನಸ್ಸಿಗೆ ಬಂದಂತೆ ಆರಿಸಿ, ಸಂಪಾದಕನು ಅರಗಿನ ಮುದ್ರೆಯೊತ್ತಿ ಮುಚ್ಚಿಟ್ಟ ಉತ್ತರಕ್ಕೆ ಅದು ತಾಳೆಯಾಗಲೆಂದು ಹಾರೈಸುವುದು ಜೂಜು. ನಿಜವಾದ ಗೂಢ ಸುಳಿವು ಇದಕ್ಕೆ ತೀರ ವಿರುದ್ಧ. ಅದರಲ್ಲಿ ಒಂದು ಪಾರ್ಶ್ವ ಪದದ ಅರ್ಥವನ್ನೂ ಇನ್ನೊಂದು ಪಾರ್ಶ್ವ ಪದದ ರಚನೆಯನ್ನೂ ಹೇಳುವುದರಿಂದ, ಬಿಡಿಸಿದವನಿಗೆ ತನ್ನ ಉತ್ತರ ಸರಿಯೆಂಬುದು ಯಾವ ಸಂಪಾದಕನ ಸಾಕ್ಷಿಯೂ ಇಲ್ಲದೆ ಅಲ್ಲಿಯೇ ಸಿದ್ಧವಾಗುವುದು.

ಈ ಕಲೆ ಪರದೇಶದ್ದು, ನಮ್ಮ ಮಣ್ಣಿಗೆ ಹೊಂದದು ಎಂಬ ಆಕ್ಷೇಪವು ವಿಚಾರಕ್ಕೆ ನಿಲ್ಲುವುದಿಲ್ಲ. ಪದಬಂಧವನ್ನು 1913ರ ಡಿಸೆಂಬರ್ 21ರಂದು ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಮೊದಲು ಅಚ್ಚುಮಾಡಿಸಿದವನು ಆರ್ಥರ್ ವಿನ್ ಎಂಬುದು ನಿಜ. ಅದಕ್ಕೆ ಗೂಢತೆಯ ರೂಪವನ್ನು ಕೊಟ್ಟವರಲ್ಲಿ ಅಗ್ರಗಣ್ಯನು, 1926ರಿಂದ ಲಂಡನ್ನಿನ ಅಬ್ಸರ್ವರ್ ಪತ್ರಿಕೆಯಲ್ಲಿ ಟಾರ್ಕ್ವೆಮಾಡಾ ಎಂಬ ಕಾವ್ಯನಾಮದಿಂದ ಬರೆದ ಎಡ್ವರ್ಡ್ ಪೋವಿಸ್ ಮ್ಯಾಥರ್ಸ್ ಎಂಬುದೂ ನಿಜ. ಆದರೆ ಈ ಮ್ಯಾಥರ್ಸನು ಅದಕ್ಕೆ ಕೆಲವೇ ವರ್ಷಗಳ ಹಿಂದೆ, 1919ರಲ್ಲಿ, ಏನನ್ನು ಪ್ರಕಟಿಸಿದ್ದನು? ಬಿಲ್ಹಣನ ಚೌರಪಂಚಾಶಿಕೆಯ ಸ್ವತಂತ್ರ ಇಂಗ್ಲಿಷ್ ರೂಪಾಂತರವನ್ನು. ಕಾಶ್ಮೀರದಲ್ಲಿ ಹುಟ್ಟಿ ನಮ್ಮ ಕಲ್ಯಾಣದಲ್ಲಿ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಸ್ಥಾನದ ವಿದ್ಯಾಪತಿಯಾಗಿ, ಆತನ ಚರಿತೆಯನ್ನು ಕಾವ್ಯವಾಗಿ ಹಾಡಿದ ಅದೇ ಬಿಲ್ಹಣ! ರಾಜಕುಮಾರಿಯನ್ನು ಪ್ರೀತಿಸಿದ ಕವಿಯು ಮರಣದಂಡನೆಗೆ ಮುಂಚಿನ ಕೊನೆಯ ಗಳಿಗೆಗಳಲ್ಲಿ ಅವಳನ್ನು ನೆನೆದು ಹಾಡಿದನೆಂದು ಪ್ರತೀತಿಯುಳ್ಳ ಆ ಕಾವ್ಯವನ್ನು ಮನಸ್ಸಿನಲ್ಲಿ ತುಂಬಿಕೊಂಡ ಲೇಖನಿಯೇ ಮುಂದೆ ಇಂಗ್ಲೆಂಡಿನ ಗೂಢ ಪದಬಂಧಕ್ಕೆ ಅಡಿಪಾಯ ಹಾಕಿತು. ಬೀದರ ಜಿಲ್ಲೆಯ ಬಸವಕಲ್ಯಾಣಕ್ಕೂ ಲಂಡನ್ನಿನ ಪತ್ರಿಕಾಲಯಕ್ಕೂ ನಡುವೆ ಇಂಥ ಎಳೆಯೊಂದು ಇರುವುದನ್ನು ಮೊದಲು ತಿಳಿದಾಗ ನನಗಾದ ಸಂತೋಷವನ್ನು ಮುಚ್ಚಿಡಲಾರೆ.

ಆ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ, ಚದುರಂಗ ಪಗಡೆಗಳ ಸಾಲಿನಲ್ಲಿಯೇ, ಪ್ರಹೇಲಿಕಾಕ್ರೀಡೆಯನ್ನೂ, ಎಂದರೆ ಒಗಟಿನಾಟವನ್ನೂ, ರಾಜೋಚಿತವಾದ ವಿನೋದವೆಂದು ಎಣಿಸಿದ್ದಾನೆ. ಅವನಿಗಿಂತ ಶತಮಾನಗಳಷ್ಟು ಹಿಂದೆ, ನಮ್ಮ ಕವಿರಾಜಮಾರ್ಗಕಾರನಿಗೆ ಆಧಾರವಾದ ಕಾವ್ಯಾದರ್ಶದಲ್ಲಿ ದಂಡಿಯು ಹದಿನಾರು ಬಗೆಯ ಪ್ರಹೇಲಿಕೆಗಳನ್ನು ಲಕ್ಷಣಸಹಿತವಾಗಿ ವಿವರಿಸಿ, ಸಲ್ಲದವೆಂದು ಹಿಂದಿನವರು ಹೇಳಿದ ಹದಿನಾಲ್ಕು ದುಷ್ಟ ಪ್ರಹೇಲಿಕೆಗಳೂ ಇವೆಯೆಂದು ಎಚ್ಚರಿಸಿದ್ದಾನೆ. ಪದಗಳ ಸಂಧಿಯಲ್ಲಿ ಅರ್ಥವನ್ನು ಅಡಗಿಸುವ ಬಗೆಗೆ ಸಮಾಗತಾ ಎಂದು ಹೆಸರು. ಬೇರೊಂದು ಅರ್ಥದಲ್ಲಿ ರೂಢವಾದ ಶಬ್ದದಿಂದ ಓದುಗನನ್ನು ದಾರಿತಪ್ಪಿಸುವ ಬಗೆಗೆ ವಂಚಿತಾ ಎಂದು ಹೆಸರು. ರಾಣಿಯೆಂದು ಹೇಳಿ ಬೆಕ್ಕನ್ನು ಉದ್ದೇಶಿಸುವ ಆಂಗ್ಲ ಸುಳಿವುಗಾರನು ತಾನರಿಯದೆಯೇ ದಂಡಿಯ ವಂಚಿತೆಯನ್ನು ಬರೆಯುತ್ತಿದ್ದಾನೆ. ಇದು ಪಂಡಿತರಿಗಷ್ಟೆ ಮೀಸಲಾಗಿದ್ದ ವಿದ್ಯೆಯೂ ಅಲ್ಲ. ಅಲ್ಲಮನ ಬೆಡಗು, ಕನಕದಾಸರ ಮುಂಡಿಗೆ, ಹಳ್ಳಿಯ ಜಗಲಿಯ ಮೇಲಿನ ಒಗಟು, ಉತ್ತರ ಕರ್ನಾಟಕದ ಮದುವೆಯ ಮನೆಯಲ್ಲಿ ಗಂಡನ ಹೆಸರನ್ನು ಪದ್ಯದೊಳಗೆ ಬಚ್ಚಿಟ್ಟು ಹೇಳುವ ಒಡಪು, ಅದರ ಮರಾಠಿ ಸೋದರಿಯಾದ ಉಖಾಣಾ, ಇವೆಲ್ಲ ಒಂದೇ ಕುಲದವು. 'ಮರಾ ಮರಾ' ಎಂದು ಜಪಿಸುತ್ತ ಬೇಡನು ರಾಮನನ್ನು ಮುಟ್ಟಿದ ಕತೆಯನ್ನು ಕೇಳಿ ಬೆಳೆದ ಮಗುವಿಗೆ ಅಕ್ಷರಗಳ ಪಲ್ಲಟವೆಂದರೇನೆಂದು ಹೇಳಿಕೊಡಬೇಕೆ?

ಇಷ್ಟಿದ್ದೂ ನಮ್ಮ ಪತ್ರಿಕೆಗಳಲ್ಲಿ ನಿತ್ಯವೂ ಅಚ್ಚಾಗುವ ಪದಬಂಧಗಳು ಬಹುಮಟ್ಟಿಗೆ ಸಮಾನಾರ್ಥಕ ಪದವನ್ನು ಕೇಳುವುದರಲ್ಲಿಯೇ ತೃಪ್ತವಾಗಿವೆ. ಅದನ್ನು ನಾನು ಹಗುರಾಗಿ ಕಾಣುವವನಲ್ಲ, ಅ. ನಾ. ಪ್ರಹ್ಲಾದರಾವ್ ಅವರು ಮೂವತ್ತು ಸಾವಿರಕ್ಕೂ ಮಿಕ್ಕ ಪದಬಂಧಗಳನ್ನು ರಚಿಸಿ ಮೂಡಿಸಿರುವ ಅಭಿರುಚಿಯೇ ಮುಂದಿನ ಹೆಜ್ಜೆಗೆ ನೆಲಗಟ್ಟು. ಆದರೆ 'ಪತ್ನಿ' ಎಂದು ಕೇಳಿ 'ಮಡದಿ' ಎಂದು ಬರೆಸುವುದು ನಿಘಂಟಿನ ಪರೀಕ್ಷೆಯೇ ಹೊರತು ನುಡಿಯ ಪರೀಕ್ಷೆಯಲ್ಲ.

ಗೂಢ ಸುಳಿವು ಕನ್ನಡದಲ್ಲಿ ಹೇಗಿರಬಹುದೆಂಬುದಕ್ಕೆ ರಾಣಿಯನ್ನೂ ಕಾಲವನ್ನೂ ಹಿಡಿದೇ ನಿದರ್ಶನ ಕೊಡುತ್ತೇನೆ. 'ಹುಡುಕಿ ನೋಡಿದರೆ ರಾಣಿ', ಮೂರು ಮನೆ. ಹುಡುಕಿ ಎಂದರೆ ಅರಸಿ, ರಾಣಿ ಎಂದರೂ ಅರಸಿ; ಕ್ರಿಯಾಪದವೂ ನಾಮಪದವೂ ಒಂದೇ ರೂಪದಲ್ಲಿ ಬಂದು ನಿಲ್ಲುತ್ತವೆ. 'ಪುರಾಣಿಕ ನಡುವೆ ಕಂಡ ಅರಸಿ', ಎರಡು ಮನೆ. ಪುರಾಣಿಕ ಎಂಬ ನಾಲ್ಕಕ್ಷರದ ನಡುವಿನ ಎರಡನ್ನು ಓದಿದರೆ ಉತ್ತರ ಅಲ್ಲಿಯೇ ಇದೆ. ಪಟ್ಟದರಸಿಗೂ ಎಮ್ಮೆಗೂ ಸಮಾನವಾಗಿ ಸಲ್ಲುವ ಮಹಿಷಿ ಎಂಬ ಪದವು ಕೈಯಲ್ಲಿರುವಾಗ ಆಂಗ್ಲರ ಬೆಕ್ಕನ್ನು ನಾವು ಎರವಲು ತರಬೇಕಾದ ಕಾರಣವಿಲ್ಲ. ಇನ್ನು ಕಾಲ. 'ಡಬ್ಬಾವಾಲಾ ತಲೆಯ ಮೇಲಿಟ್ಟುಕೊಂಡು ಬಂದ ವೇಳೆ' ಎಂದು ಯಾರಾದರೂ ಬರೆಯಬಹುದು. ಮುಂಬಯಿಯ ಚಿತ್ರ ಕಣ್ಣಿಗೆ ಕಟ್ಟುತ್ತದೆ, ಓದಲು ಇಂಪು. ಆದರೆ ಉತ್ತರವಾದ 'ಹೊತ್ತು' ಎಂಬುದಕ್ಕೆ ಡಬ್ಬಾವಾಲನೂ ಬೇಕಿಲ್ಲ, 'ಬಂದ' ಎಂಬ ಮಾತೂ ಬೇಕಿಲ್ಲ. 'ತಲೆಯ ಮೇಲಿಟ್ಟುಕೊಂಡು ನೋಡಿದರೆ ವೇಳೆ' ಎಂದು ಕಡಿದರೆ ಪ್ರತಿಯೊಂದು ಪದವೂ ತನ್ನ ಕೂಲಿಯನ್ನು ದುಡಿಯುತ್ತದೆ. ಸುಳಿವಿನಲ್ಲಿ ವ್ಯರ್ಥಪದವಿರಬಾರದೆಂಬ ಈ ನಿಯಮವೇ ಆ ಕಲೆಯ ಧರ್ಮ.

ಕಡೆಯದಾಗಿ ನನಗೆ ಅತ್ಯಂತ ಪ್ರಿಯವಾದುದು: 'ಸತ್ಯವಾನನ ತಲೆಯ ಬಳಿ ಯಮ ಹಿಂದಿರುಗಿದ ಹೊತ್ತು', ಮೂರು ಮನೆ. ಮೊದಲ ಓದಿಗೆ ಸಾವಿತ್ರಿಯ ಕತೆಯೇ ಎದುರು ನಿಲ್ಲುತ್ತದೆ. ಮದ್ರದೇಶದ ಆ ರಾಜಪುತ್ರಿ, ಅವಳ ತೊಡೆಯ ಮೇಲೆ ಮಲಗಿದ ಗಂಡ, ಪಾಶವನ್ನು ಹಿಡಿದು ಬಂದ ಕಾಲಪುರುಷ. ಎರಡನೆಯ ಓದಿಗೆ ಕತೆ ಕರಗಿ ಅಕ್ಷರಗಳು ಉಳಿಯುತ್ತವೆ: ಸತ್ಯವಾನನ ತಲೆಯೆಂದರೆ 'ಸ', ಯಮನು ಹಿಂದಿರುಗಿದರೆ 'ಮಯ', ಒಂದರ ಬಳಿ ಇನ್ನೊಂದು ನಿಂತರೆ ಸಮಯ, ಹೊತ್ತು ಎಂಬುದೇ ಅದರ ಅರ್ಥ. ಇಲ್ಲಿ ಹೊರಗಿನಿಂದ ತಂದ ಒಂದು ಸಂಕೇತವೂ ಇಲ್ಲ, ತಿಳಿದುಕೊಳ್ಳಲು ಲ್ಯಾಟಿನ್ ಬಿರುದಿನ ಅಗತ್ಯವೂ ಇಲ್ಲ. ಹರಿಕತೆ ಯಕ್ಷಗಾನಗಳನ್ನು ಕೇಳಿ ಕಂಡ ಯಾವ ಕನ್ನಡಿಗನಿಗೂ ಇದು ಎಟುಕುತ್ತದೆ.

ಕನ್ನಡದ ಲಿಪಿ ಇದಕ್ಕೆ ಒಗ್ಗದು, ಒತ್ತಕ್ಷರ ಕಾಗುಣಿತಗಳು ಅಡ್ಡಬರುತ್ತವೆ ಎಂದು ಕೆಲವರು ಹೇಳುವುದುಂಟು. ಒಂದು ಮನೆಗೆ ಒಂದು ಅಕ್ಷರ, ಅದರ ಗುಣಿತವೂ ಒತ್ತೂ ಅದರೊಡನೆಯೇ ಎಂಬ ನಿಯಮವನ್ನು ಇಂದಿನ ಪದಬಂಧಗಳೇ ನೆಲೆಗೊಳಿಸಿರುವುದರಿಂದ ಆ ತೊಡಕು ಈಗಾಗಲೇ ಪರಿಹಾರವಾಗಿದೆ. ಪದಗಳು ಚಿಕ್ಕವಾಗುತ್ತವೆ, ಪಲ್ಲಟಕ್ಕೆ ಎಡೆ ಕಡಿಮೆಯಾಗುತ್ತದೆ, ಇದು ಒಪ್ಪತಕ್ಕ ಮಾತು. ಅದಕ್ಕೆ ಪ್ರತಿಯಾಗಿ ಸಂಧಿ, ಸಮಾಸ, ಶ್ಲೇಷೆ, ದೇಶ್ಯ ತತ್ಸಮಗಳ ಜೋಡಿಸಂಪತ್ತು, ಇವು ಅನುಕೂಲಗಳಾಗಿ ನಮಗೆ ಒದಗಿವೆ. ಜನಕ್ಕೆ ಬಿಡುವಿಲ್ಲವೆಂಬ ಇನ್ನೊಂದು ಆಕ್ಷೇಪವನ್ನು ಮುಂಬಯಿಯಲ್ಲಿ ನಿಂತು ಯಾರೂ ಹೇಳಲಾರರು. ವಿರಾರಿನಿಂದ ಚರ್ಚ್‌ಗೇಟಿಗೆ ಒಂದೂವರೆ ಗಂಟೆಯ ಆಸುಪಾಸಿನ ಪ್ರಯಾಣವನ್ನು ದಿನಕ್ಕೆರಡು ಸಲ ಮಾಡುವವರ ಕೈಯಲ್ಲಿ ಬಿಡುವಿಲ್ಲದಿದ್ದರೂ ಹೊತ್ತು ಇದ್ದೇ ಇದೆ. ಜನಸಂದಣಿಯ ನಡುವೆ ಬಲ್ಲವರು ತಮ್ಮೊಳಗೆ ಗೂಢವಾಗಿ ಮಾತಾಡಿಕೊಳ್ಳುವುದಕ್ಕೆ ಪ್ರಹೇಲಿಕೆ ಉಪಯೋಗವೆಂದು ದಂಡ್ಯಾಚಾರ್ಯನು ಬರೆದನು. ಎರಡನೆಯ ದರ್ಜೆಯ ಡಬ್ಬಿಯಲ್ಲಿ ಒಬ್ಬರ ಭುಜಕ್ಕೆ ಒಬ್ಬರು ಒರಗಿ ನಿಂತ ಇಬ್ಬರು ಕನ್ನಡಿಗರು ಒಂದು ಸುಳಿವನ್ನು ಕುರಿತು ಚರ್ಚಿಸುವುದು ಆ ಮಾತಿಗೆ ತಕ್ಕ ಉದಾಹರಣೆಯಾದೀತು.

ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಕನ್ನಡ ಕಲಿತ ತಲೆಮಾರುಗಳ ನಗರವಿದು. 1926ರಲ್ಲಿ ಹುಟ್ಟಿದ ಮಾಟುಂಗಾದ ಮೈಸೂರು ಅಸೋಸಿಯೇಶನ್, 1933ರಲ್ಲಿ ಹುಟ್ಟಿದ ಮಾಹೀಮಿನ ಕರ್ನಾಟಕ ಸಂಘ, ಕಲೀನಾದಲ್ಲಿರುವ ವಿಶ್ವವಿದ್ಯಾಲಯದ ಕನ್ನಡ ವಿಭಾಗ, ಇವು ಮನಸ್ಸು ಮಾಡಿದರೆ ಸುಳಿವುಗಾರರನ್ನು ಪಳಗಿಸುವ ಗೋಷ್ಠಿಗಳನ್ನು ತಿಂಗಳಿಗೊಮ್ಮೆ ನಡೆಸುವುದು ಕಷ್ಟವಲ್ಲ. ಇಲ್ಲಿ ಬೆಳೆದ ಮಕ್ಕಳು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಕನ್ನಡವನ್ನೋ, ಬೀದಿಯಲ್ಲಿ ಮರಾಠಿ ಹಿಂದಿಗಳನ್ನೋ ಆಡುತ್ತ, ಒಂದೇ ಧ್ವನಿ ಎರಡು ನುಡಿಗಳಲ್ಲಿ ಎರಡು ಅರ್ಥ ಕೊಡುವುದನ್ನು ದಿನವೂ ಕೇಳುವವರು. ಅವರಲ್ಲಿ ಸುಳಿವುಗಾರರು ಸಿಗದಿದ್ದರೆ ಬೇರೆಲ್ಲಿ ಸಿಕ್ಕಾರು? ಪತ್ರಿಕೆಗಳ ಸಂಪಾದಕರಲ್ಲಿ ನನ್ನ ಬಿನ್ನಹ ಇಷ್ಟೆ: ನಿತ್ಯದ ಪದಬಂಧವನ್ನು ಇದ್ದಂತೆಯೇ ಇರಿಸಿ, ಭಾನುವಾರದ ಪುಟದಲ್ಲಿ ಗೂಢ ಪದಬಂಧವೊಂದಕ್ಕೆ ಎಡೆ ಕೊಡಲಿ, ಮೊದಲ ಆರು ತಿಂಗಳು ಚೌಕ ಚಿಕ್ಕದಾಗಿಯೇ ಇರಲಿ, ಕಾಲುಭಾಗದಷ್ಟು ಸುಳಿವುಗಳು ನೇರವಾಗಿಯೇ ಇರಲಿ, ಬಹುಮಾನ ಬೇಡ, ಬೇಕೆಂದರೆ ಒಂದು ಪುಸ್ತಕ ಸಾಕು, ಸುಳಿವುಗಾರನ ಹೆಸರನ್ನು ಚೌಕದ ಮೇಲೆ ಅಚ್ಚುಹಾಕಲಿ, ಅದರಿಂದ ಅವನಿಗೆ ಹೊಣೆಗಾರಿಕೆ ಬರುವುದು, ಮುಂದಿನ ವಾರ ಉತ್ತರಗಳನ್ನು ಬರಿಯ ಪಟ್ಟಿಯಾಗಿ ಕೊಡದೆ, ಪ್ರತಿಯೊಂದು ಸುಳಿವು ಹೇಗೆ ಬಿಡಿಸಿಕೊಂಡಿತೆಂಬುದನ್ನು ಒಂದೊಂದು ಸಾಲಿನಲ್ಲಿ ವಿವರಿಸಲಿ. ಆ ವಿವರಣೆಗೆ ಜಾಗ ಸಾಲದೆಂದರೆ ಚೌಕವನ್ನು ಇನ್ನಷ್ಟು ಚಿಕ್ಕದು ಮಾಡಲಿ, ವಿವರಣೆಯನ್ನು ಮಾತ್ರ ಬಿಡದಿರಲಿ.